ರಾತ್ರಿ ಪೆಗ್ಗು, ಮುಂಜಾನೆ ನೇತ್ರಾಣಿ: ನಡುವೆ ಎಷ್ಟು ತಾಸು ಬೇಕು?

ಸೆಮಿಸ್ಟರ್ ಪರೀಕ್ಷೆ ಮುಗೀತು ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಮೊದಲೆಲ್ಲ ಒಂದೇ ಪ್ರಶ್ನೆ ಇರ್ತಿತ್ತು: "ಗೋವಾನೋ, ಗೋಕರ್ಣನೋ?" ಈಗ ಮೂರನೇದೊಂದು ಹೆಸರು ಸೇರಿಕೊಂಡಿದೆ, ನೇತ್ರಾಣಿ. 2022ರಲ್ಲಿ ತೆರೆಕಂಡ 'ಗಂಧದ ಗುಡಿ'ಯಲ್ಲಿ ಅಪ್ಪು ಅಲ್ಲಿನ ನೀರಿಗೆ ಇಳಿದಿದ್ದನ್ನ ನೋಡಿದ ಮೇಲಂತೂ "ನಾವೂ ಒಂದ್ಸಲ ಇಳೀಬೇಕಲೇ" ಅನ್ನದ ದೋಸ್ತರೇ ಇಲ್ಲ. ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೂರ ಅರಬ್ಬೀ ಸಮುದ್ರದೊಳಗಿರುವ ಪುಟ್ಟ ಗುಡ್ಡ ಅದು. ಈಜು ಬರದವರನ್ನೂ ತರಬೇತುದಾರರು ಕೈಹಿಡಿದು ಕೆಳಗೆ ಕರೆದುಕೊಂಡು ಹೋಗಿ ಮೀನು ತೋರಿಸಿಕೊಂಡು ಬರ್ತಾರೆ. ಮಳೆಗಾಲದಲ್ಲಿ ಬಂದ್; ಅಕ್ಟೋಬರ್‌ನಿಂದ ಮೇ ತನಕ ಸೀಸನ್. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಕುಮಟಾ, ಹೊನ್ನಾವರ ದಾಟಿ ಸುಮಾರು 200 ಕಿಲೋಮೀಟರ್. ಶನಿವಾರ ಹೋಗಿ ಭಾನುವಾರ ರಾತ್ರಿ ವಾಪಸ್ ಹಾಸ್ಟೆಲ್.

ತೊಂದರೆ ಇರೋದು ಆ ಶನಿವಾರ ರಾತ್ರಿಯಲ್ಲಿ.

ಇದು ಉಪದೇಶದ ಲೇಖನ ಅಲ್ಲ. ಕುಡಿಯೋದು ಬಿಡೋದು ನಿಮ್ಮ ಮನೆಯವರಿಗೂ ನಿಮಗೂ ಬಿಟ್ಟಿದ್ದು. ಆದರೆ ಕುಡಿದು ನೀರಿಗಿಳಿಯೋದು ಬೇರೆಯದೇ ಲೆಕ್ಕ. ಅದು ನಾವು ಓದಿದ ಭೌತಶಾಸ್ತ್ರದ್ದೇ ಲೆಕ್ಕ. ನಾನು ಅದನ್ನ ಕಲಿತಿದ್ದು ಕ್ಲಾಸಿನಲ್ಲಿ ಅಲ್ಲ, ಬೋಟಿನಲ್ಲಿ. ಅದೂ ಸ್ವಲ್ಪ ಅವಮಾನ ಮಾಡಿಕೊಂಡು.

ಒಂದು ಸುಳ್ಳು

ಕಳೆದ ಸೀಸನ್ನಿನಲ್ಲಿ ನಾವು ಆರು ಮಂದಿ ಹೋಗಿದ್ವಿ. ಬುಕಿಂಗ್ ಮೆಸೇಜಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹಿಂದಿನ ದಿನ ಮದ್ಯ ಬೇಡ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಮುಂಜಾನೆ ಹಗುರ ತಿಂಡಿ ತಿನ್ನಿ. ಓದಿದ್ವಿ. ಓದಿ ನಕ್ಕಿದ್ವಿ. ರಾತ್ರಿ 9ಕ್ಕೆ ರೂಮಿನಲ್ಲಿ ಬಾಟಲಿ ತೆರೆದವು. ನನ್ನ ರೂಮ್‌ಮೇಟ್ 2 ಸ್ಟ್ರಾಂಗ್ ಬಿಯರ್, ಮೇಲೆ 1 ಲಾರ್ಜ್ ವಿಸ್ಕಿ ಮುಗಿಸಿದ. "ಬರೇ ಇಷ್ಟ ಅಲ್ಲೇನ್ಲೇ, ನಿದ್ದಿ ಮಾಡಿದ್ರ ಇಳೀತದ" ಅಂತಂದು ಮಲಗಿದ. ನಾನು 1 ಬಿಯರ್‌ಗೆ ನಿಲ್ಲಿಸಿದ್ದೆ. ಉಳಿದ ನಾಲ್ಕು ಮಂದಿ ಕುಡಿಯಲಿಲ್ಲ.

ಮುಂಜಾನೆ ಫಾರ್ಮ್ ಕೊಟ್ಟರು. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿ ನೋವಿದೆಯಾ, ಮದ್ಯ ಸೇವಿಸಿದ್ದೀರಾ. ರೂಮ್‌ಮೇಟ್‌ನ ತಲೆ ಸಿಡೀತಿತ್ತು. ಹಾಗಾಗಿ ಅವನ ಫಾರ್ಮನ್ನೂ ನಾನೇ ತುಂಬಿದೆ. ಎಲ್ಲದಕ್ಕೂ "ಇಲ್ಲ". ಸಹಿ ಮಾತ್ರ ಅವನು ಮಾಡಿದ.

ಬೋಟು ದಂಡೆ ಬಿಟ್ಟು ಅರ್ಧ ತಾಸಿಗೆ ಅವನು ಕಟಕಟೆ ಹಿಡಿದು ವಾಂತಿ ಮಾಡೋಕೆ ಶುರು ಮಾಡಿದ. ನಮ್ಮ ತರಬೇತುದಾರರು ಕರಾವಳಿಯವರೇ, ನಲವತ್ತರ ಆಸುಪಾಸಿನ ಮನುಷ್ಯ. ಬಂದು ಪಕ್ಕದಲ್ಲಿ ಕೂತು ನೀರು ಕೊಟ್ಟು ಕೇಳಿದರು: "ನಿನ್ನೆ ರಾತ್ರಿ ಕುಡಿದಿದ್ರಾ?"

ಅವನು ನನ್ನ ಮುಖ ನೋಡಿದ. ನಾನಂದೆ, "ಇಲ್ಲ ಸರ್, ಅವನಿಗೆ ಬೋಟ್ ಆಗಿಬರೋದಿಲ್ಲ."

ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಸುಮ್ಮನೆ ರೂಮ್‌ಮೇಟ್‌ನ ಹತ್ತಿರ ಬಗ್ಗಿದರು, ವಾಸನೆ ಬಂತೋ ಏನೋ. "ನೀವು ಇವತ್ತು ಇಳಿಯೋದು ಬೇಡ" ಅಂದರು. ಆಮೇಲೆ ನನ್ನ ಕಡೆ ತಿರುಗಿ "ನೀವೆಷ್ಟು ಕುಡಿದಿದ್ರಿ?" ನಾನು ಆಗ ಖರೇನೇ ಹೇಳಿದೆ, "ಒಂದೇ ಬಿಯರ್ ಸರ್, 9 ಗಂಟೆಗೆ. 12 ತಾಸಾತು." ಅವರಂದಿದ್ದು ಇಷ್ಟು: "ಈಗಷ್ಟೇ ಒಂದು ಸುಳ್ಳು ಹೇಳಿದ್ರಿ. ಎರಡನೇ ಮಾತನ್ನ ನಾನು ಹೇಗೆ ನಂಬಲಿ? ಕೆಳಗೆ ನಿಮ್ಮ ಕೈ ಹಿಡಿದುಕೊಂಡು ಇರೋನು ನಾನು. ನೀವು ಗಾಬರಿಯಾಗಿ ನನ್ನ ಬಾಯಿಯ ರೆಗ್ಯುಲೇಟರ್ ಕಿತ್ತರೆ ಹೋಗೋದು ನನ್ನ ಉಸಿರೂ. ಮನೆಯಲ್ಲಿ ನನಗೂ ಇಬ್ಬರು ಮಕ್ಕಳಿದ್ದಾರೆ."

ನಾಲ್ಕು ಮಂದಿ ಇಳಿದರು. ನಾವಿಬ್ಬರೂ ಬೋಟಿನಲ್ಲಿ ಕೂತು ಅವರ ಗುಳ್ಳೆಗಳು ಮೇಲೆ ಬರೋದನ್ನ ನೋಡ್ತಾ ಇದ್ವಿ. ಸಾವಿರಾರು ರೂಪಾಯಿ ನೀರಿಗೆ ಹೋಯ್ತು ಅಂತ ಅವತ್ತು ಹೊಟ್ಟೆ ಉರಿದಿತ್ತು. ವಾಪಸ್ ಬಂದ ಮೇಲೆ "ಆ ಮನುಷ್ಯ ಸುಮ್ನೆ ಜಾಸ್ತಿ ಮಾಡಿದ" ಅಂತ ಸಾಬೀತು ಮಾಡಬೇಕು ಅಂತಲೇ ಓದೋಕೆ ಕೂತೆ. ಸಾಬೀತಾಗಿದ್ದು ಉಲ್ಟಾ.

ಮೊದಲು ರಾತ್ರಿಯ ಲೆಕ್ಕ

"ನಿದ್ದಿ ಮಾಡಿದ್ರ ಇಳೀತದ" ಅನ್ನೋದನ್ನೇ ಮೊದಲು ಪರೀಕ್ಷಿಸೋಣ. ಸ್ವೀಡನ್ನಿನ ವಿಜ್ಞಾನಿ ಎರಿಕ್ ವಿಡ್‌ಮಾರ್ಕ್ ಕೊಟ್ಟ ಸರಳ ಸೂತ್ರವೊಂದಿದೆ. ಒಳಗೆ ಹೋದ ಆಲ್ಕೋಹಾಲಿನ ತೂಕವನ್ನು ದೇಹದ ತೂಕ ಮತ್ತು ಒಂದು ಗುಣಾಂಕದಿಂದ ಭಾಗಿಸಬೇಕು. ಗುಣಾಂಕ ಗಂಡಸರಿಗೆ ಸುಮಾರು 0.68, ಹೆಂಗಸರಿಗೆ ಸುಮಾರು 0.55. ಆಮೇಲೆ ತಾಸಿಗೆ ಇಷ್ಟು ಅಂತ ಕಳೆಯುತ್ತಾ ಹೋಗಬೇಕು.

ನನ್ನ ರೂಮ್‌ಮೇಟ್‌ನದ್ದು 65 ಕೆಜಿ. 650 ಮಿ.ಲೀ. ಬಿಯರ್, ಶೇ. 8ರ ಸ್ಟ್ರಾಂಗ್. ಅಂದರೆ 52 ಮಿ.ಲೀ. ಆಲ್ಕೋಹಾಲು. ಅದರ ಸಾಂದ್ರತೆ 0.789, ಹಾಗಾಗಿ ತೂಕ ಸುಮಾರು 41 ಗ್ರಾಂ. ಎರಡು ಬಾಟಲಿಗೆ 82. 60 ಮಿ.ಲೀ. ವಿಸ್ಕಿ, ಶೇ. 42.8. ಅದರಲ್ಲಿ ಸುಮಾರು 20 ಗ್ರಾಂ. ಒಟ್ಟು 102 ಗ್ರಾಂ. ಭಾಗಿಸಿದರೆ 100 ಮಿ.ಲೀ. ರಕ್ತಕ್ಕೆ ಸುಮಾರು 230 ಮಿಲಿಗ್ರಾಂ ಬರುತ್ತದೆ. ದೇಹ ಸಾಮಾನ್ಯವಾಗಿ ತಾಸಿಗೆ 15 ಮಿಲಿಗ್ರಾಂನಷ್ಟು ಇಳಿಸುತ್ತದೆ. ರಾತ್ರಿ 9ರಿಂದ ಮುಂಜಾನೆ 9ರ ತನಕ 12 ತಾಸು, ಅಂದರೆ 180 ಇಳಿಯಿತು.

ಉಳಿದಿದ್ದು 50.

ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ ಗಾಡಿ ಹೊಡೆಯೋಕೆ ಮಿತಿ 30 ಮಿಲಿಗ್ರಾಂ. ಅಂದರೆ ಮುಂಜಾನೆ 9ಕ್ಕೆ, ಸಮುದ್ರದ ನಡುವೆ, ಹಲ್ಲುಜ್ಜಿ ಇಡ್ಲಿ ತಿಂದು ಫ್ರೆಶ್ ಆಗಿ ಕಾಣುತ್ತಿದ್ದ ನನ್ನ ದೋಸ್ತ ಹುಬ್ಬಳ್ಳಿಯಲ್ಲಿ ಬೈಕ್ ಓಡಿಸಿದ್ದರೂ ಪೊಲೀಸರ ಕೈಗೆ ಸಿಗುವ ಸ್ಥಿತಿಯಲ್ಲಿದ್ದ. ಅವನ ರಕ್ತ ಪೂರ್ತಿ ಸ್ವಚ್ಛವಾಗೋಕೆ ಮಧ್ಯಾಹ್ನ 12 ದಾಟಬೇಕಿತ್ತು.

ಇದು ಸರಾಸರಿ ಲೆಕ್ಕ. ಕೆಲವರ ದೇಹ ತಾಸಿಗೆ 10 ಮಿಲಿಗ್ರಾಂ ಮಾತ್ರ ಇಳಿಸುತ್ತದೆ. ಅಂಥವರಿಗೆ ಇದೇ 230 ಇಳಿಯೋಕೆ 23 ತಾಸು ಬೇಕು. ಡೈವಿಂಗ್ ಮಾಡುವವರು "24 ತಾಸು ಬಿಡಿ" ಅನ್ನೋದು ಸುಮ್ಮನೆ ಹೆದರಿಸೋಕೆ ಅಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತದೆ. ನಿದ್ದೆ, ನಿಂಬೆಹಣ್ಣಿನ ಶರಬತ್ತು, ಮಜ್ಜಿಗೆ, ತಣ್ಣೀರು ಸ್ನಾನ, ಕಡಕ್ ಚಹಾ, ಯಾವುದಕ್ಕೂ ಈ ದರವನ್ನ ಹೆಚ್ಚಿಸೋ ಶಕ್ತಿ ಇಲ್ಲ. ಕೆಲಸ ಮಾಡೋದು ಯಕೃತ್ತು. ಅದು ತನ್ನ ವೇಗದಲ್ಲೇ ಮಾಡ್ತದೆ.

ವಿಮಾನದ ಪೈಲಟ್‌ಗಳಿಗೆ ನಮ್ಮ ದೇಶದಲ್ಲಿ ಹಾರಾಟಕ್ಕೆ ಮುಂಚಿನ 12 ತಾಸು ಮದ್ಯ ನಿಷಿದ್ಧ. ಅಷ್ಟೇ ಅಲ್ಲ, 12 ತಾಸು ಕಳೆದರೂ ಉಸಿರಿನ ಪರೀಕ್ಷೆಯಲ್ಲಿ ಸೊನ್ನೆ ಬರಬೇಕು. ಬೋಟಿನಲ್ಲಿ ಆ ಯಂತ್ರ ಇರೋದಿಲ್ಲ. ಅಲ್ಲಿರೋದು ಒಂದು ಫಾರ್ಮ್, ಮತ್ತೆ ನಮ್ಮ ಮಾತು.

ಕೆಳಗೆ ಏನಾಗುತ್ತದೆ: ಬಾಯ್ಲ್‌ನ ನಿಯಮ

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು 1 ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲೆ 1, ಹತ್ತು ಮೀಟರ್‌ನಲ್ಲಿ 2, ಇಪ್ಪತ್ತರಲ್ಲಿ 3. ಒತ್ತಡ ಎರಡು ಪಟ್ಟಾದರೆ ಗಾಳಿಯ ಗಾತ್ರ ಅರ್ಧ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ಇದೇ. ತಮಾಷೆ ಏನಂದರೆ ಅತಿ ದೊಡ್ಡ ಬದಲಾವಣೆ ಆಗೋದು ಆಳದಲ್ಲಿ ಅಲ್ಲ, ಮೇಲಿನ ಮೊದಲ 10 ಮೀಟರ್‌ನಲ್ಲಿ. 30ರಿಂದ 20ಕ್ಕೆ ಬಂದರೆ ಗಾಳಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. 10ರಿಂದ ಮೇಲ್ಮೈಗೆ ಬಂದರೆ ಪೂರ್ತಿ ಎರಡು ಪಟ್ಟು. ಮೊದಲ ಸಲ ಬಂದವರನ್ನು ಕರೆದೊಯ್ಯುವುದು ಇದೇ ಆಳಕ್ಕೆ.

ಹಾಗಾಗಿ ಸ್ಕೂಬಾದ ಮೊದಲ ಪಾಠ: ಉಸಿರು ಹಿಡಿಯಬೇಡಿ. ಟ್ಯಾಂಕಿನಿಂದ ತುಂಬ ಉಸಿರೆಳೆದುಕೊಂಡು, ಗಾಬರಿಯಿಂದ ಬಾಯಿ ಮುಚ್ಚಿ ಮೇಲಕ್ಕೆ ಚಿಮ್ಮಿದರೆ ಪುಪ್ಪುಸದೊಳಗಿನ ಗಾಳಿ ಹಿಗ್ಗಿ ಅದರ ಗೋಡೆಯನ್ನೇ ಹರಿಯಬಹುದು. ಒಂದೂಕಾಲು ಮೀಟರ್‌ನಷ್ಟು ಏರಿದರೂ ಇದು ಸಾಧ್ಯ. ಹರಿದಲ್ಲಿಂದ ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋದರೆ ನಿಮಿಷಗಳ ಆಟ.

ಇಲ್ಲಿ ಮದ್ಯ ಎಲ್ಲಿ ಬಂತು? ಗಾಬರಿಯ ಜಾಗದಲ್ಲಿ. ಮಾಸ್ಕಿನೊಳಗೆ ಸ್ವಲ್ಪ ನೀರು ಬಂತು ಅಂದ್ಕೊಳ್ಳಿ. ಶುದ್ಧ ತಲೆ ಇರೋನು ಒಂದು ಕ್ಷಣ ನಿಂತು, ಮೇಲೆ ಹೇಳಿಕೊಟ್ಟಿದ್ದನ್ನ ನೆನಪಿಸಿಕೊಂಡು, ತರಬೇತುದಾರರಿಗೆ ಕೈಸನ್ನೆ ಮಾಡ್ತಾನೆ. ಮದ್ಯ ಮೊದಲು ಕೆಡಿಸೋದು ಇದನ್ನೇ. ನೆನಪು, ಪ್ರತಿಕ್ರಿಯೆಯ ವೇಗ, ಎರಡು ಕೆಲಸ ಒಟ್ಟಿಗೆ ಮಾಡುವ ಶಕ್ತಿ. ಕಿವಿಯ ಒತ್ತಡ ಸರಿದೂಗಿಸೋಕೆ ಮೂಗು ಒತ್ತಿ ಊದಬೇಕು. ಮಂಕಾದವನು ಅದನ್ನ ಮರೆತರೆ ಕಿವಿಯ ತಮಟೆಗೆ ಪೆಟ್ಟು. ರಕ್ತದಲ್ಲಿ ಮದ್ಯ ಉಳಿಯದಿದ್ದರೂ ಹ್ಯಾಂಗೋವರ್ ಉಳಿದಿರುತ್ತದೆ. ನಿದ್ದೆಗೆಟ್ಟ ಕಣ್ಣು, ಹೊಟ್ಟೆ ತೊಳಸು, ತಲೆನೋವು, ಎಲ್ಲ ಹಾಗೇ ಇರ್ತಾವೆ.

ಇನ್ನು ವಾಂತಿ. ರೆಗ್ಯುಲೇಟರ್ ಬಾಯಲ್ಲಿದ್ದಾಗಲೇ, ಅದರ ಮೂಲಕವೇ ವಾಂತಿ ಮಾಡಬಹುದು. ತರಬೇತಿ ಪಡೆದವರಿಗೆ ಹಾಗೇ ಹೇಳಿಕೊಡ್ತಾರೆ. ಆದರೆ ಹೊಸಬರ ಕೈ ಮೊದಲು ಮಾಡೋದು ಅದನ್ನ ಕೀಳೋದು. ವಾಂತಿ ಆದ ತಕ್ಷಣ ದೇಹ ತಾನಾಗೇ ಜೋರಾಗಿ ಉಸಿರೆಳೆಯುತ್ತದೆ. ಬಾಯಲ್ಲಿ ರೆಗ್ಯುಲೇಟರ್ ಇಲ್ಲ, ಸುತ್ತ ಸಮುದ್ರ. ಬೋಟಿನಲ್ಲಿ ನನ್ನ ರೂಮ್‌ಮೇಟ್ ಮೂರು ಸಲ ಕಟಕಟೆಗೆ ಓಡಿದ್ದು ನೆನಪಾದಾಗ ನನಗೆ ಈ ಸಾಲು ಓದಿ ಮುಂದೆ ಹೋಗೋಕೆ ಆಗಲಿಲ್ಲ.

ಗೋಲಿ ಸೋಡಾ ಮತ್ತು ಒಂದು ಸೇತುವೆ

ಎರಡನೇ ನಿಯಮ ಹೆನ್ರಿಯದ್ದು. ದ್ರವದಲ್ಲಿ ಎಷ್ಟು ಅನಿಲ ಕರಗುತ್ತದೆ ಅನ್ನೋದು ಆ ಅನಿಲದ ಒತ್ತಡದ ಮೇಲೆ ನಿಂತಿದೆ. ಬಿಸಿಲಲ್ಲಿ ದುರ್ಗದಬೈಲಿನಲ್ಲಿ ನಿಂತು ಗೋಲಿ ಸೋಡಾ ಒಡೆಸಿದವರಿಗೆ ಇದನ್ನ ಹೇಳಿಕೊಡಬೇಕಿಲ್ಲ. ಗೋಲಿ ಒಳಗೆ ಹೋಗುತ್ತಲೇ ಒತ್ತಡ ಇಳಿದು, ಅದುವರೆಗೆ ಕಾಣದೇ ಕೂತಿದ್ದ ಅನಿಲ ಗುಳ್ಳೆಯಾಗಿ ಉಕ್ಕುತ್ತದೆ.

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇ. 78 ನೈಟ್ರೋಜನ್. ಆಳದಲ್ಲಿ ಹೆಚ್ಚಿನ ಒತ್ತಡದ ಗಾಳಿ ಉಸಿರಾಡಿದಾಗ ಹೆಚ್ಚು ನೈಟ್ರೋಜನ್ ರಕ್ತ, ಸ್ನಾಯು, ಕೊಬ್ಬಿನಲ್ಲಿ ಕರಗುತ್ತದೆ. ನಿಧಾನಕ್ಕೆ ಮೇಲೆ ಬಂದರೆ ಅದು ಪುಪ್ಪುಸದ ಮೂಲಕ ಸದ್ದಿಲ್ಲದೆ ಹೊರಹೋಗುತ್ತದೆ. ಬೇಗ ಬಂದರೆ ಸೋಡಾ ಬಾಟಲಿಯ ಗತಿ: ಕೀಲಿನಲ್ಲಿ, ಬೆನ್ನುಹುರಿಯಲ್ಲಿ, ರಕ್ತನಾಳದಲ್ಲಿ ಗುಳ್ಳೆ. ಇದಕ್ಕೆ ಡಿಕಂಪ್ರೆಷನ್ ಕಾಯಿಲೆ ಅಂತಾರೆ, ಡೈವರ್‌ಗಳ ಮಾತಿನಲ್ಲಿ 'ಬೆಂಡ್ಸ್'.

ಸಿವಿಲ್‌ನವರಿಗೆ ಇದು ಹೊಸದಾಗಬಾರದು. ಈ ಕಾಯಿಲೆಯ ಇನ್ನೊಂದು ಹೆಸರು 'ಕೈಸನ್ ಕಾಯಿಲೆ'. ಸೇತುವೆಯ ಅಡಿಪಾಯಕ್ಕೆ ನದಿಯ ತಳ ಅಗೆಯುವಾಗ, ನೀರು ಒಳನುಗ್ಗದಂತೆ ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಯೊಳಗೆ ಕೂಲಿಗಳು ಕೆಲಸ ಮಾಡ್ತಿದ್ದರು. ಸಂಜೆ ಮೇಲೆ ಬಂದ ಮೇಲೆ ಕೀಲು ಹಿಡಿದು ನರಳುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಸ್ವತಃ 1872ರಲ್ಲಿ ಇದಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. ಆಮೇಲೆ ಹೆಂಡತಿ ಎಮಿಲಿ ಗಣಿತ, ಕೇಬಲ್, ಸಾಮಗ್ರಿಗಳ ಶಾಸ್ತ್ರವನ್ನೆಲ್ಲ ಕಲಿತು, ಗಂಡನ ಸೂಚನೆಗಳನ್ನು ಕೆಲಸದ ಜಾಗಕ್ಕೆ ಒಯ್ದು ನೋಡಿಕೊಂಡರು. ಸೇತುವೆ 1883ರಲ್ಲಿ ತೆರೆಯಿತು. ಗುಳ್ಳೆಗಳೇ ಕಾರಣ ಅಂತ 1878ರಲ್ಲಿ ಫ್ರಾನ್ಸಿನ ಪಾಲ್ ಬರ್ಟ್ ತೋರಿಸಿದರು. ಎಷ್ಟು ಆಳಕ್ಕೆ ಎಷ್ಟು ಹೊತ್ತು, ಎಲ್ಲೆಲ್ಲಿ ನಿಂತು ಮೇಲೆ ಬರಬೇಕು ಅನ್ನೋ ಕೋಷ್ಟಕವನ್ನ 1908ರಲ್ಲಿ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ತಂಡ ಪ್ರಕಟಿಸಿತು. ಅದಕ್ಕೂ ಮುಂಚೆ ಒತ್ತಡದ ಕೋಣೆಯಲ್ಲಿ ಕೂತಿದ್ದು ಆಡುಗಳು.

ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ಹತ್ತು ಮೀಟರಿನೊಳಗೆ ಅರ್ಧ ತಾಸಿನ ಒಂದೇ ಡೈವ್ ಮಾಡುವ ಹೊಸಬರಿಗೆ ಬೆಂಡ್ಸ್ ಬರುವ ಸಂಭವ ತೀರಾ ಕಡಿಮೆ. ಅವರ ನಿಜವಾದ ಅಪಾಯ ಮೇಲೆ ಹೇಳಿದ ಗಾಬರಿ ಮತ್ತು ಪುಪ್ಪುಸದ್ದು. ಆದರೆ ಒಂದೇ ದಿನ ಎರಡು ಮೂರು ಡೈವ್ ಮಾಡುವವರಿಗೆ, ಕೋರ್ಸ್ ಸೇರಿ 18 ಮೀಟರ್, 30 ಮೀಟರ್ ಇಳಿಯುವವರಿಗೆ ಹೆನ್ರಿ ಬೆನ್ನಿಗೇ ಇರ್ತಾನೆ. ನಮ್ಮಲ್ಲೇ ಇಬ್ಬರು ಮೂವರು ಆ ಕೋರ್ಸಿನ ಮಾತಾಡ್ತಿದ್ದಾರೆ, ಹಾಗಾಗಿ ಮುಂದಿನದು ಅವರಿಗೆ ಹೆಚ್ಚು ಮುಖ್ಯ.

ಮೊದಲನೆಯದು, ಮದ್ಯ ದೇಹವನ್ನ ಒಣಗಿಸುತ್ತದೆ. ಮೂತ್ರಪಿಂಡಕ್ಕೆ "ನೀರು ಹಿಡಿದಿಡು" ಅನ್ನುವ ಹಾರ್ಮೋನನ್ನ ಅದು ತಡೆಯುತ್ತದೆ. ಬಿಯರ್ ಕುಡಿದವರು ಪದೇ ಪದೇ ಏಳೋದು ಅದಕ್ಕೇ. ನೀರಿನಲ್ಲಿ ಮುಳುಗಿದಾಗಲೂ ಮೂತ್ರ ಹೆಚ್ಚಾಗುತ್ತದೆ, ಟ್ಯಾಂಕಿನ ಒಣ ಗಾಳಿ ಉಸಿರಿನಿಂದ ತೇವ ಒಯ್ಯುತ್ತದೆ, ಮೇಲೆ ಬಿಸಿಲು, ಬೆವರು, ವಾಂತಿ. ರಕ್ತ ದಪ್ಪಗಾಗಿ ಹರಿವು ಕುಗ್ಗಿದರೆ ಅಂಗಾಂಶದಿಂದ ನೈಟ್ರೋಜನ್ ಹೊರಹಾಕುವ ಕೆಲಸವೂ ಕುಂಟುತ್ತದೆ ಅನ್ನೋದು ತಜ್ಞರ ಆತಂಕ.

ಎರಡನೆಯದು, ಚಳಿ. ಕುಡಿದರೆ ಮೈ ಬೆಚ್ಚಗಾದಂತೆ ಅನಿಸುತ್ತದೆ. ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಶಾಖ ಹೊರಗೆ ಬಂದದ್ದಕ್ಕೆ ಆ ಅನುಭವ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಒಯ್ಯುತ್ತದೆ. ಹಾಗಾಗಿ "ಒಂದ್ ಪೆಗ್ ಹಾಕಿದ್ರ ಥಂಡಿ ಆಗೂದಿಲ್ಲ" ಅನ್ನೋದು ಶಾಖವಾಹಕತೆ ಓದಿದವರ ಬಾಯಲ್ಲಿ ಬರಬಾರದ ಮಾತು.

ಮೂರನೆಯದು, ಆಳದ ಅಮಲು. 30 ಮೀಟರ್ ಹತ್ತಿರ ಹೋದಂತೆ ಒತ್ತಡದ ನೈಟ್ರೋಜನ್ನೇ ತಲೆಗೆ ಏರುತ್ತದೆ. ಕಾರಣವಿಲ್ಲದೆ ನಗು, ಗೇಜು ಓದಿದರೂ ಅರ್ಥವಾಗದಿರೋದು, ಇಲ್ಲದ ಧೈರ್ಯ. ಇದಕ್ಕೆ ನೈಟ್ರೋಜನ್ ನಾರ್ಕೋಸಿಸ್ ಅನ್ನುತ್ತಾರೆ. ಡೈವರ್‌ಗಳು ತಮಾಷೆಗೆ ಇಷ್ಟಿಷ್ಟು ಮೀಟರಿಗೆ ಒಂದು ಗ್ಲಾಸು ಮಾರ್ಟಿನಿ ಏರಿದಂತೆ ಅಂತ ಲೆಕ್ಕ ಹೇಳುತ್ತಾರೆ. ಸಮುದ್ರ ತಾನೇ ಪೆಗ್ ಹಾಕುವ ಆಳಕ್ಕೆ ಮೊದಲೇ ಪೆಗ್ ಹಾಕಿಕೊಂಡು ಹೋದರೆ ಎರಡೂ ಸೇರುತ್ತವೆ.

"ಹಂಗಾದ್ರ ಡೈವ್ ಮುಗಿದ ಮ್ಯಾಲೆ?"

ಇದನ್ನ ಬರೀತಿದ್ದೀನಿ ಅಂದಾಗ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಇದೇ. "ಮುಂಚೆ ಬ್ಯಾಡ, ಒಪ್ಪಿದ್ವಿ. ಮುಗಿಸಿ ದಂಡಿಗೆ ಬಂದು ಒಂದು ಚಿಲ್ಡ್ ಬಿಯರ್?"

ದಂಡೆಗೆ ಬಂದ ಕೂಡಲೇ ಡೈವ್ ಮುಗಿಯೋದಿಲ್ಲ. ಕರಗಿದ ನೈಟ್ರೋಜನ್ ತಾಸುಗಟ್ಟಲೆ ಹೊರಹೋಗುತ್ತಲೇ ಇರುತ್ತದೆ. ಬೆಂಡ್ಸ್‌ನ ಲಕ್ಷಣಗಳು ಹೆಚ್ಚಾಗಿ ಮೊದಲ ಕೆಲವು ತಾಸಿನಲ್ಲಿ, ಬಹುತೇಕ 24 ತಾಸಿನೊಳಗೆ ಕಾಣಿಸಿಕೊಳ್ಳುತ್ತವೆ. ಯಾವ ಲಕ್ಷಣ? ವಿಪರೀತ ದಣಿವು, ತಲೆಸುತ್ತು, ತಲೆನೋವು, ವಾಕರಿಕೆ, ಕೈಕಾಲು ಜೋಮು, ತೂರಾಡುವ ನಡಿಗೆ, ಕೀಲು ನೋವು. ಈಗ ಇದೇ ಪಟ್ಟಿಯನ್ನ ಹ್ಯಾಂಗೋವರ್ ಪಕ್ಕ ಇಟ್ಟು ನೋಡಿ. ಕುಡಿದವನಿಗೆ ಜೋಮು ಹಿಡಿದರೆ, ತೂರಾಡಿದರೆ, ದೋಸ್ತರು ಮಾಡೋದು ಏನು? "ಜಾಸ್ತಿ ಆಗ್ಯದ, ಮಲಗಿಸ್ರಿ" ಅಂತ ಚಾದರ ಹೊದಿಸೋದು. ಹಾಗೆ ಕಳೆದ ಪ್ರತಿ ತಾಸೂ ಚಿಕಿತ್ಸೆಯಿಂದ ಕಳೆದ ತಾಸು. ಅದಕ್ಕೆ ಬೇಕಾದ್ದು ಶುದ್ಧ ಆಮ್ಲಜನಕ, ಆಮೇಲೆ ಒತ್ತಡದ ಕೋಣೆ. ಆ ಕೋಣೆ ಎಲ್ಲ ಆಸ್ಪತ್ರೆಯಲ್ಲೂ ಇರುವಂಥದ್ದಲ್ಲ. ಅಲ್ಲಿಗೆ ತಲುಪೋಕೇ ಹೊತ್ತು ಬೇಕು.

ಕೊನೆಯ ಡೈವ್ ಮುಗಿದ ಮೇಲೆ ಅವತ್ತು ನೀರು, ಎಳನೀರು, ಊಟ, ವಿಶ್ರಾಂತಿ. ಮರುದಿನದ ಮಾತು ಮರುದಿನಕ್ಕೆ. ಎರಡು ದಿನ ಡೈವ್ ಇದ್ದರೆ ನಡುವಿನ ರಾತ್ರಿಯೂ ಒಣರಾತ್ರಿಯೇ.

ಹುಬ್ಬಳ್ಳಿಯವರಿಗೆ ಮಾತ್ರ: ಘಟ್ಟದ ಪ್ರಶ್ನೆ

ಈ ಭಾಗ ಕರಾವಳಿಯ ಹುಡುಗರಿಗೆ ಬೇಡ, ನಮಗೆ ಬೇಕು. ಡೈವ್ ಮಾಡಿದ ಕೂಡಲೇ ವಿಮಾನ ಹತ್ತಬಾರದು ಅನ್ನೋದು ಹಲವರಿಗೆ ಗೊತ್ತು. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ಸೋಡಾ ಬಾಟಲಿ ಇನ್ನಷ್ಟು ತೆರೆದಂತಾಗುತ್ತದೆ. ಡೈವರ್‌ಗಳ ಸುರಕ್ಷತೆಗೆ ದುಡಿಯುವ ಅಂತರರಾಷ್ಟ್ರೀಯ ಸಂಸ್ಥೆ 'ಡ್ಯಾನ್' ಕೊಡುವ ಸಲಹೆ ಹೀಗಿದೆ: ಒಂದು ಡೈವ್ ಆಗಿದ್ದರೆ ಕನಿಷ್ಠ 12 ತಾಸು, ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ ಕನಿಷ್ಠ 18 ತಾಸು ಕಾಯಿರಿ. ಇದು ಅನ್ವಯಿಸೋದು ಸುಮಾರು 600ರಿಂದ 2400 ಮೀಟರ್ ಎತ್ತರದ ಒತ್ತಡಕ್ಕೆ.

ಹುಬ್ಬಳ್ಳಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 670 ಮೀಟರ್. ಧಾರವಾಡ ಅದಕ್ಕೂ ಮೇಲೆ. ಇಲ್ಲಿನ ಗಾಳಿಯ ಒತ್ತಡ ಮುರ್ಡೇಶ್ವರದ್ದಕ್ಕಿಂತ ಸುಮಾರು ಶೇ. 8 ಕಡಿಮೆ. ಅಂದರೆ ನಾವು ವಿಮಾನ ಹತ್ತದಿದ್ದರೂ ಅರಬೈಲ್ ಘಟ್ಟ ಹತ್ತುವುದೇ ಆ ಪಟ್ಟಿಯ ಅಂಚಿಗೆ ಬರುತ್ತದೆ! ಕಡಿಮೆ ಆಳದ ಒಂದೇ ಡೈವ್ ಮಾಡಿದವರಿಗೆ ಇದರಿಂದ ದೊಡ್ಡ ಅಪಾಯ ಅಂತ ಹೆದರಬೇಕಿಲ್ಲ. ಆದರೆ ಎರಡು ಮೂರು ಡೈವ್ ಮಾಡಿ, ಮಧ್ಯಾಹ್ನ ಬಿಯರ್ ಕುಡಿದು, ಮೈ ಒಣಗಿಸಿಕೊಂಡು, ಸಂಜೆ 4ಕ್ಕೆ ಗಾಡಿ ಹತ್ತಿ ರಾತ್ರಿ ಘಟ್ಟ ಏರುವ ನಮ್ಮ ಮಾಮೂಲಿ ಪ್ಲಾನಿನಲ್ಲಿ ಒಂದಲ್ಲ, ನಾಲ್ಕು ತಪ್ಪು ಒಟ್ಟಿಗೆ ಇವೆ. ನಾಲ್ಕನೆಯದು ಡ್ರೈವಿಂಗ್, ಆ ತಿರುವುಗಳಲ್ಲಿ ಎದುರಿಗೆ ಲಾರಿ ಬರುವಾಗ ಹೆನ್ರಿ, ಬಾಯ್ಲ್ ಯಾರೂ ಬೇಡ, ನ್ಯೂಟನ್ ಒಬ್ಬನೇ ಸಾಕು.

ಪರಿಹಾರ ಸರಳ. ಶನಿವಾರ ಮುಂಜಾನೆಯೇ ಡೈವ್ ಸಿಗುವಂತೆ ಶುಕ್ರವಾರ ಹೊರಡಿ. ಶನಿವಾರ ರಾತ್ರಿ ಅಲ್ಲೇ ಉಳಿದು ಭಾನುವಾರ ಊರಿಗೆ ಬನ್ನಿ.

ಹೋಗುವ ಮುಂಚೆ

- ಡೈವ್‌ಗೆ ಮುಂಚಿನ 24 ತಾಸು ಮದ್ಯ ಬೇಡ. "ಒಂದೇ ಬಿಯರ್" ಕೂಡ ಬೇಡ.
- ಹ್ಯಾಂಗೋವರ್ ಇದ್ದರೆ, ತಾಸು ಎಷ್ಟೇ ಆಗಿದ್ದರೂ, ಇಳಿಯಬೇಡಿ.
- ವಾಂತಿ ತಡೆಯುವ ಮಾತ್ರೆ ನುಂಗುವವರು ವೈದ್ಯರನ್ನ ಕೇಳಿ, ತರಬೇತುದಾರರಿಗೂ ಹೇಳಿ. ಕೆಲವು ಮಾತ್ರೆ ನಿದ್ದೆ ತರಿಸುತ್ತವೆ, ಮದ್ಯದ ಜೊತೆ ಇನ್ನೂ ಹೆಚ್ಚು.
- ಡೈವ್ ಆದ ಮೇಲೆ ಜೋಮು, ತೂರಾಟ, ಕೀಲು ನೋವು, ವಿಪರೀತ ದಣಿವು ಕಂಡರೆ ಮಲಗಿಸಿ ಸುಮ್ಮನಾಗಬೇಡಿ. ಚಪ್ಪಟೆಯಾಗಿ ಮಲಗಿಸಿ, ಡೈವ್ ಕೇಂದ್ರಕ್ಕೆ ತಿಳಿಸಿ ಆಮ್ಲಜನಕ ಕೊಡಿಸಿ, 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು: "ಇವರು ಸ್ಕೂಬಾ ಡೈವ್ ಮಾಡಿದ್ದಾರೆ."
- ಡೈವ್ ಇಲ್ಲದವರೂ ಕುಡಿದು ಅಲೆಗೆ ಇಳಿಯಬೇಡಿ. ಗೋಕರ್ಣ, ಮುರ್ಡೇಶ್ವರದ ದಂಡೆಗಳಲ್ಲಿ ಪ್ರವಾಸಕ್ಕೆ ಬಂದ ಹುಡುಗರು ಮುಳುಗಿದ ಸುದ್ದಿ ನಾವು ಓದುತ್ತಲೇ ಇದ್ದೇವೆ.
- ನಿಮ್ಮ ಫಾರ್ಮ್ ನೀವೇ ತುಂಬಿ. ದೋಸ್ತನದ್ದು ತುಂಬಬೇಡಿ.

ಈ ಕೊನೆಯ ಸಾಲನ್ನ ನಾನು ಬೇಕೆಂದೇ ಕೊನೆಗೆ ಇಟ್ಟೆ. ಎಂಜಿನಿಯರಿಂಗ್‌ನಲ್ಲಿ ನಾವು ಸೆನ್ಸರ್ ಅಂತ ದಿನಾ ಮಾತಾಡ್ತೀವಿ. ತಪ್ಪು ಓದುವ ಸೆನ್ಸರ್ ಇದ್ದರೆ ಮುಂದಿನ ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ಕುಸಿಯುತ್ತದೆ. ಆ ಬೋಟಿನಲ್ಲಿ ಟ್ಯಾಂಕು, ಗೇಜು, ಆಮ್ಲಜನಕ ಎಲ್ಲವೂ ಸರಿ ಇತ್ತು. ತಪ್ಪು ಓದಿದ ಸೆನ್ಸರ್ ನಾನು. "ಅವನಿಗೆ ಬೋಟ್ ಆಗಿಬರೋದಿಲ್ಲ" ಅಂದಾಗ ದೋಸ್ತನ ಮರ್ಯಾದೆ ಉಳಿಸ್ತಿದ್ದೀನಿ ಅಂತಲೇ ಅಂದ್ಕೊಂಡಿದ್ದೆ. ಆ ಮನುಷ್ಯ ನನ್ನ ಮಾತು ನಂಬಿದ್ದರೆ ಹತ್ತು ಮೀಟರ್ ಕೆಳಗೆ ಇಬ್ಬರು ಅಪಾಯದಲ್ಲಿ ಇರ್ತಿದ್ದರು, ಒಬ್ಬನಲ್ಲ.

ಈ ಸಲ ಸೀಸನ್ ಶುರುವಾದಾಗ ನಾವಿಬ್ಬರೇ ಮತ್ತೆ ಹೋದ್ವಿ. ಹಿಂದಿನ ರಾತ್ರಿ ಮೀನೂಟ, ಮಜ್ಜಿಗೆ, 10ಕ್ಕೆ ನಿದ್ದೆ. ಅದೇ ತರಬೇತುದಾರರು ಸಿಕ್ಕರು. ಅವರಿಗೆ ನಮ್ಮ ಗುರುತು ಹತ್ತಲಿಲ್ಲ, ನಾವೂ ನೆನಪು ಮಾಡಿಕೊಡಲಿಲ್ಲ. ರೂಮ್‌ಮೇಟ್ ತನ್ನ ಫಾರ್ಮ್ ತಾನೇ ತುಂಬಿದ, ಪ್ರತಿ ಸಾಲಿನ ಮೇಲೆ ಬೆರಳಿಟ್ಟು. ಕೆಳಗೆ ನೀಲಿ ನೀರಿನಲ್ಲಿ ಗಿಳಿಮೀನುಗಳು ಬಂಡೆಯನ್ನ ಕಟಕಟ ಕಡಿಯೋ ಸದ್ದು ಕೇಳಿಸ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಆ ಸದ್ದು ಕೇಳೋಕೆ ತಲೆ ಖಾಲಿ ಇರಬೇಕು, ಅಷ್ಟೇ.